ಇಂಗ್ರಿಡ್ ಎಂದರೆ ಇಂದ್ರನ ಮಗಳಂತೆ!

"ನಿಮಗೆ ಗೊತ್ತೇ? ಸ್ವೀಡನ್, ನಾರ್ವೆಯ ಇಂಗ್ರಿಡ್ ಎಂಬ ಹೆಸರು ನಮ್ಮ ಇಂದ್ರನದೇ! ಇಂದ್ರ, ಇಂದ್ರಿ, ಇಂಗ್ರಿಡ್. ಹೆಮ್ಮೆಯಿದ್ದರೆ ಹತ್ತು ಜನರಿಗೆ ಕಳಿಸಿ."

ಬೆಳ್ಳಂಬೆಳಗ್ಗೆ ದೊಡ್ಡಪ್ಪ ಇದನ್ನು ಮನೆತನದ ಗುಂಪಿಗೆ ಹಾಕಿದರು. 'ಹಲವು ಬಾರಿ ಫಾರ್ವರ್ಡ್ ಆಗಿದೆ' ಎಂಬ ಎರಡು ಬಾಣ ತಲೆಯ ಮೇಲೇ ಇತ್ತು. ಯಾಕೆ ಹಾಕಿದರೆಂದು ಎಲ್ಲರಿಗೂ ಗೊತ್ತು. ಗೊಥೆನ್‌ಬರ್ಗ್‌ನಲ್ಲಿರುವ ಚಿಕ್ಕಪ್ಪನ ಮಗಳು ತನ್ನ ಕೂಸಿಗೆ ಇಂಗ್ರಿಡ್ ಎಂದು ಹೆಸರಿಟ್ಟಿದ್ದಾಳೆ. ಗಂಡ ಸ್ವೀಡನ್ನಿನವನು, ಅದು ಅವನ ಅಜ್ಜಿಯ ಹೆಸರು. ದೊಡ್ಡಪ್ಪನಿಗೆ ಇಷ್ಟು ದಿನ ಅದು ಗಂಟಲಲ್ಲೇ ಸಿಕ್ಕಿಕೊಂಡಿತ್ತು. ಇಂದ್ರ ಬಂದ, ಇಳಿಯಿತು.

"ಆಧಾರ?" ಎಂದು ಕೇಳಿದವನು ಮಗುವಿನ ಸೋದರಮಾವ. ಅವನು ಎಲ್ಲಕ್ಕೂ ಇದನ್ನೇ ಕೇಳುತ್ತಾನೆ. ಗುಂಪಿನಲ್ಲಿ ಅವನ ಹೆಸರೇ ಆಧಾರ್ ಕಾರ್ಡ್.

"ಎಲ್ಲದಕ್ಕೂ ಆಧಾರ ಕೇಳುತ್ತಾ ಹೋದರೆ ನಂಬಿಕೆ ಎಲ್ಲಿ ಉಳಿಯುತ್ತೆ? ಹಿರಿಯರು ಹೇಳಿದ್ದನ್ನು ಕೇಳಿಸಿಕೊಳ್ಳುವುದು ಕಲಿ."

"ಹಿರಿಯರಲ್ಲ ದೊಡ್ಡಪ್ಪ, ಫಾರ್ವರ್ಡ್ ಹೇಳಿದ್ದು. ಇಂಗ್ ಅಂದರೆ ಇಂಗ್ವಿ, ಫ್ರೇ ದೇವರ ಇನ್ನೊಂದು ಹೆಸರು. ಸ್ವೀಡನ್ನಿನ ಹಳೇ ರಾಜರು ಅವನ ವಂಶದವರಂತೆ, ಅದಕ್ಕೇ ಅವರನ್ನು ಇಂಗ್ಲಿಂಗರು ಅಂತಿದ್ದರು. ಕೊನೆಯ ತುಂಡು ಫ್ರೀದ್ರ್, ಚೆಲುವೆ ಅಂತ ಅರ್ಥ. ಆ 'ಫ' ಬಾಯಲ್ಲಿ ಸವೆದು ಹೋಯಿತು. ಆಸ್ಟ್ರಿಡ್, ಸಿಗ್ರಿಡ್‌ನಲ್ಲೂ ಹೀಗೇ. ಇಂದ್ರ ಎಲ್ಲೂ ಇಲ್ಲ."

"ಫ್ರೇ ಏನು ದೇವರು?" ಹಾಸನದ ಅತ್ತೆ ಕೇಳಿದರು.

"ಮಳೆ, ಬಿಸಿಲು, ಬೆಳೆ."

"ಮಳೆ! ಮಳೆಗೆ ಯಾರಪ್ಪಾ ದೇವರು? ಮುಗೀತಲ್ಲ" ಎಂದರು ದೊಡ್ಡಪ್ಪ. ಸಾಲಾಗಿ ಕೈಮುಗಿದ ಇಮೋಜಿಗಳು.

"ಗುಡುಗು ಸಿಡಿಲಿನವನು ಥಾರ್. ಹೋಲಿಸಲೇಬೇಕು ಅಂದರೆ ಇಂದ್ರನನ್ನು ಅವನ ಜೊತೆ ಹೋಲಿಸಿ" ಎಂದು ಅವನು ಬರೆದದ್ದನ್ನು ಯಾರೂ ಓದಲಿಲ್ಲ. ಅಷ್ಟರಲ್ಲಿ ಮೈಸೂರಿನ ಮಾವ ಬಂದಿದ್ದರು.

"ಇಂಗ್ರಿಡ್ ಬರ್ಗ್‌ಮನ್! 1915ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಹುಟ್ಟಿದಾಕೆ. ಅಲ್ಲಿನ ರಾಜಕುಮಾರಿಯ ಹೆಸರನ್ನೇ ಇಟ್ಟಿದ್ದರು. ಮೂರು ಆಸ್ಕರ್. ನಮ್ಮ ಹಾಸ್ಟೆಲ್ ಗೋಡೆಯ ಮೇಲೆ ಆಕೆಯ ಫೋಟೋ ಇತ್ತು. ಅಂದಹಾಗೆ, ನಮ್ಮ ಕಾಲದಲ್ಲಿ ಹೆಸರಿಗೆ ಅರ್ಥ ಯಾರು ನೋಡುತ್ತಿದ್ದರು? ಹುಟ್ಟಿದ ಮಕ್ಕಳು ಉಳಿಯದಿದ್ದರೆ ಮುಂದಿನದನ್ನು ತಿಪ್ಪೆ ಮೇಲೆ ಹೊರಳಿಸಿ ತಿಪ್ಪ ಅಂತ ಕರೆಯೋರು. ಗುಂಡ, ಕಲ್ಲ... ಹಳೇ ಮನೆಯ ತೊಟ್ಟಿಲು ಈಗ ಯಾರ ಹತ್ತಿರ ಇದೆ?"

ತೊಟ್ಟಿಲಿನ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಅದು ಯಾರ ಅಟ್ಟದಲ್ಲಿದೆಯೆಂದು ಎಲ್ಲರಿಗೂ ಗೊತ್ತು.

ಮಗುವಿನ ಅಜ್ಜಿ, ಅಂದರೆ ನಮ್ಮ ಚಿಕ್ಕಮ್ಮ, ಅಲ್ಲಿಯವರೆಗೆ ಸುಮ್ನೆ ಇದ್ದರು. "ಭಾವ, ನಿಮ್ಮ ಮೊಮ್ಮಗ ರಿಯಾಂಶ್. ಅದರ ಅರ್ಥ ಏನು?"

"ಸೂರ್ಯನ ಮೊದಲ ಕಿರಣ."

"ಯಾವ ನಿಘಂಟಿನಲ್ಲಿ?" ಆಧಾರ್ ಕಾರ್ಡ್ ಕಾದಿದ್ದವನಂತೆ ಹಾರಿದ.

ದೊಡ್ಡಮ್ಮ ಟೈಪ್ ಮಾಡುತ್ತಲೇ ಇದ್ದರು. ಕೊನೆಗೆ ಬಂತು: "ನಮ್ಮ ಮಗುವಿನ ಹೆಸರಿಗೆ ಕೈ ಹಾಕಬೇಡಿ. ನಾಮಕರಣಕ್ಕೆ ಬೆಳ್ಳಿ ಲೋಟ ತಂದವರು ಯಾರು, ಸ್ಟೀಲ್ ಲೋಟ ತಂದವರು ಯಾರು, ನನಗೆ ನೆನಪಿದೆ."

ಈ ಗಲಾಟೆಯ ನಡುವೆಯೇ ಅವನು ಇನ್ನೊಂದು ಮೆಸೇಜು ಹಾಕಿದ. ನನ್ನ ಪ್ರಕಾರ ಇಡೀ ದಿನದಲ್ಲಿ ಓದುವಂಥದ್ದು ಅದೊಂದೇ.

"ಸಂಸ್ಕೃತದ ನಂಟು ಬೇಕೇ ಬೇಕು ಅಂದರೆ ಅದು ಹೆಸರಿನ ಬಾಲದಲ್ಲಿದೆ, ತಲೆಯಲ್ಲಲ್ಲ. ಆ ಫ್ರೀದ್ರ್, ನಮ್ಮ ಪ್ರಿಯ, ಪ್ರೀತಿ ಎಲ್ಲ ಒಂದೇ ಹಳೇ ಬೇರಿನವು. ಇಲ್ಲಿನ 'ಪ' ಆ ಕಡೆ 'ಫ' ಆಗುತ್ತೆ. ಪಿತೃ ಮತ್ತು ಫಾದರ್, ಪಾದ ಮತ್ತು ಫುಟ್ ನೋಡಿ. ಜರ್ಮನಿಯ ಭಾಷಾ ಪಂಡಿತ ಯಾಕೋಬ್ ಗ್ರಿಮ್ 1822ರಲ್ಲೇ ಈ ನಿಯಮ ಬರೆದಿಟ್ಟಿದ್ದಾನೆ. ಹಳಗನ್ನಡದ ಪಾಲು ಈಗ ಹಾಲು ಆಗಿಲ್ವಾ, ಅಂಥದ್ದೇ. ಆದರೆ ಅದು ಸಂಸ್ಕೃತದಿಂದ ಅಲ್ಲಿಗೆ ಹೋದದ್ದಲ್ಲ. ಎರಡೂ ಒಂದೇ ತಾಯಿಯ ಮಕ್ಕಳು."

ದೊಡ್ಡಪ್ಪ ಓದಿದ್ದು 'ಸಂಸ್ಕೃತ' ಎಂಬಲ್ಲಿಗೆ. "ನೋಡಿ, ಕೊನೆಗೂ ಇವನೇ ಒಪ್ಪಿಕೊಂಡ. ಸತ್ಯಮೇವ ಜಯತೇ."

"ಎಲ್ಲಿ ಒಪ್ಪಿದೆ? ಇನ್ನೊಂದು ಸಲ ಓದಿ!"

"ಕೋಪ ಬೇಡ ಮಗಾ. ಅದೇನೋ ಪಾಲು ಅಂದೆಯಲ್ಲ, ಅಡಿಕೆ ತೋಟದ ಪಾಲು ಏನಾಯಿತು ಅಂತ ನಿನ್ನಪ್ಪನನ್ನು ಕೇಳು."

ಅಲ್ಲಿಗೆ ಫ್ರೇ, ಗ್ರಿಮ್, ಇಂಗ್ಲಿಂಗರು ಎಲ್ಲ ಮುಳುಗಿದರು. ಪಹಣಿ, ಸರ್ವೆ ನಂಬರು, ಬಾವಿಯ ಮೋಟರು ಬಂದವು. ಗೊಥೆನ್‌ಬರ್ಗ್‌ನಲ್ಲಿ ಆಗಷ್ಟೇ ಬೆಳಗಾಗಿತ್ತು. ತಂಗಿ ಎದ್ದು ಎಲ್ಲವನ್ನೂ ನೋಡಿ ಒಂದೇ ಸಾಲು ಬರೆದಳು: "ಮನೆಯಲ್ಲಿ ನಾವು ಪುಟ್ಟಿ ಅಂತೀವಿ."

"ಪುಟ್ಟಿನೋ ಇಂಗ್ರಿಡ್ಡೋ, ಡಿಸೆಂಬರಿನಲ್ಲಿ ಬಂದಾಗ ಕಿವಿಯಲ್ಲಿ ಹೆಸರು ಹೇಳೋಳು ನಾನು" ಎಂದರು ಶಿವಮೊಗ್ಗದ ಅತ್ತೆ.

ಅಳಿಯನ ಅಕ್ಕನಿಗೆ ಶಾಸ್ತ್ರ ಗೊತ್ತಿಲ್ಲವೆಂದು ಸೋದರತ್ತೆಯ ಜಾಗದಲ್ಲಿ ವಿಡಿಯೋ ಕಾಲ್‌ನಲ್ಲಿ ಹೆಸರು ಹೇಳಿದವರು ಹಾಸನದ ಅತ್ತೆ. ಅವರು ಬಿಡುತ್ತಾರಾ? "ನಾನು ಆಗಲೇ ಹೇಳಿ ಆಗಿದೆ."

"ನೆಟ್‌ವರ್ಕ್ ಹೋಗಿತ್ತು. ಲೆಕ್ಕಕ್ಕಿಲ್ಲ."

"ಹೋಗಿರಲಿಲ್ಲ. ಮೂರು ಸಲ ಹೇಳಿದೆ. ರೆಕಾರ್ಡಿಂಗ್ ಇದೆ, ಹಾಕಲಾ?"

"ಹಾಕಿ" ಎಂದ ಆಧಾರ್ ಕಾರ್ಡ್.