ರಾಜವಾಡಿ, ತುರಳ, ಉನ್ಹಾಳೆ ಬಿಸಿನೀರ ಕುಂಡಕ್ಕ ಕ್ಯಾಂಪರ್ ಗಾಡಿ: ರಾತ್ರಿ ನಿಲ್ಲೂದೆಲ್ಲಿ, ನೀರು-ಕರೆಂಟ್ ಹೆಂಗ?

ಜತ್ತದ ಗಾಡಿ

ನಮಸ್ಕಾರ್ರಿ ಎಲ್ಲಾರಿಗೂ. ಡಿಸೆಂಬರ್ ಕಡೀ ವಾರ ಜತ್ತದಿಂದ ಹೊಂಟು ಮಿರಜ, ಕೊಲ್ಹಾಪುರ, ಮಲಕಾಪುರ ದಾಟಿ ಅಂಬಾ ಘಾಟ ಇಳದು ಕೊಂಕಣದಾಗ ರತ್ನಾಗಿರಿ ಜಿಲ್ಲಾದ ಸಂಗಮೇಶ್ವರದ ಕಡೆ ಹೋಗೂದದ. ರಾಜವಾಡಿ, ತುರಳ, ಆರವಲಿ ಮುಗಿಸಿ, ಕಡೀಕ ದಕ್ಷಿಣಕ್ಕ ಬಂದು ರಾಜಾಪುರದ ಉನ್ಹಾಳೆ. ಒಟ್ಟು ಮೂರು ರಾತ್ರಿ.

ಗಾಡಿ: ಟ್ರಾವೆಲರ್ 3350 ವ್ಯಾನಿನ ಮ್ಯಾಲ ಕಟ್ಟಿಸಿದ ಕ್ಯಾಂಪರ್, ಅಂದ್ರ ಒಳಗ ಮಲಗಾಕ, ಅಡಗಿಗೆ ಅನುಕೂಲ ಇರೂ ಗಾಡಿ. 200 ಆಂಪ್-ಅವರ್‌ನ 12 ವೋಲ್ಟ್ ಲಿಥಿಯಂ ಫಾಸ್ಫೇಟ್ ಬ್ಯಾಟರಿ, ಮ್ಯಾಲ ಎರಡು 200 ವ್ಯಾಟ್ ಸೋಲಾರ್ ಪ್ಯಾನೆಲ್, 40 ಲೀಟರ್ ಫ್ರಿಜ್, ಒಂದು ಟನ್ ಎಸಿ, 100 ಲೀಟರ್ ನೀರಿನ ಟ್ಯಾಂಕ್, 5 ಕಿಲೋ ಗ್ಯಾಸ್, 20 ಲೀಟರ್ ಕ್ಯಾಸೆಟ್ ಟಾಯ್ಲೆಟ್ (ಹೊಲಸಿನ ಡಬ್ಬಿ ಹೊರಗ ತಗದು ಖಾಲಿ ಮಾಡೂವಂಥದ್ದು). ಮಂದಿ ನಾಲ್ಕು. ಅದರಾಗ ಹುಡುಗ 9 ವರ್ಷದಾಂವ, ಅವ್ವಗ 68, ಬಿಪಿ ಮತ್ತ ಸಕ್ಕರಿ ಎರಡೂ ಅದಾವ.

ಕೇಳೂದು ಇಷ್ಟ: ಕುಂಡದ ಬಾಜೂಕ ರಾತ್ರಿ ಗಾಡಿ ನಿಲ್ಲಸಬಹುದೇನು? ಕುಂಡದ ಬಿಸಿನೀರು ಟ್ಯಾಂಕಿಗೆ ತುಂಬಿದ್ರ ಗ್ಯಾಸ್ ಉಳೀತದಲ್ಲಾ? ಮೂರು ರಾತ್ರಿ ಬ್ಯಾಟರಿ ಸಾಕಾಗ್ತದೇನು? ಅವ್ವ ನೀರಾಗ ಎಷ್ಟೊತ್ತು ಕೂಡಬಹುದು?

ಸೊಲ್ಲಾಪುರ ಸವಾರ

ಒಂದು ಮಾತು ಮೊದಲ ಸ್ಪಷ್ಟ ಇರ್ಲಿ. ಇವು ಕ್ಯಾಂಪಿಂಗ್ ಮೈದಾನ ಅಲ್ಲರಿ, ಊರವರು ದೇವರ ಜಾಗ ಅಂತ ನಡಕೊಳ್ಳೂ ಕುಂಡ. ಗುಡಿ ಇರ್ತದ, ಗಂಡಸರಿಗೆ ಹೆಂಗಸರಿಗೆ ಬ್ಯಾರೆ ಬ್ಯಾರೆ ಕಟ್ಟೆ ಇರ್ತಾವ, ನಸುಕಿನ್ಯಾಗ ಊರ ಮಂದಿ ಸ್ನಾನಕ್ಕ ಬರ್ತಾರ. ಮಹಾರಾಷ್ಟ್ರದ ಕ್ಯಾರವ್ಯಾನ್ ಪ್ರವಾಸೋದ್ಯಮ ನೀತಿ 2021ರಾಗ ಬಂತು ಖರೆ, ಅಷ್ಟಕ್ಕ ಕುಂಡದ ಬಾಜೂಕ ಪ್ಲಗ್ ಪಾಯಿಂಟ್ ಸಿಗ್ತದಂತ ತಿಳಕೋಬ್ಯಾಡ್ರಿ. ರಾತ್ರಿ ಸಂಗಮೇಶ್ವರ ಅಥವಾ ದೇವರೂಖದಾಗ ಅಂಗಳ ದೊಡ್ಡದಿರೂ ಲಾಜ್ ಇಲ್ಲಾ ಹೋಮ್‌ಸ್ಟೇ ಹುಡುಕ್ರಿ. ಒಂದು ಖೋಲಿ ಬಾಡಗಿ ಹಿಡದ್ರ ಟಾಯ್ಲೆಟ್, ನೀರು, 16 ಆಂಪ್ ಪ್ಲಗ್ ಮೂರೂ ಸಿಗ್ತಾವ. ನಸುಕಿನ್ಯಾಗ ಎದ್ದು ಗಾಡಿ ತಗೊಂಡು ಕುಂಡಕ್ಕ ಹೋಗಿ, ಬಿಸಲೇರೂದರಾಗ ವಾಪಸ್ ಬರ್ರಿ. ರಾಜವಾಡಿ, ತುರಳ, ಆರವಲಿ ಮೂರೂ ಸಂಗಮೇಶ್ವರದಿಂದ ಚಿಪಳೂಣ ಕಡೆ ಹೋಗೂ ಹೆದ್ದಾರಿ 66ರ ಸುತ್ತಲೇ ಬರ್ತಾವ.

ಬಾಜೂಕ ನಿಲ್ಲಸಬ್ಯಾಡ್ರಿ ಅನ್ನೂದಕ್ಕ ಇನ್ನೊಂದು ಕಾರಣ ನೆಲ. ಕುಂಡದಿಂದ ಹರದು ಹೋಗೂ ನೀರಿನಿಂದ ಸುತ್ತಲ ಮಣ್ಣು ವರ್ಷಾನುಗಟ್ಟಲೆ ಹಸಿ ಇರ್ತದ. ಮ್ಯಾಲ ಗಟ್ಟಿ ಕಂಡ್ರೂ ಮೂರು ಟನ್ ದಾಟಿದ ಗಾಡಿ ರಾತ್ರೋರಾತ್ರಿ ಒಂದು ಗಾಲಿ ಒಳಗ ಇಳಸ್ತದ. ಡಾಂಬರ್ ಇಲ್ಲಾ ಕೆಂಪು ಕಲ್ಲಿನ ನೆಲ ಅಷ್ಟ ನೋಡ್ರಿ.

ಈಗ ನೀರು. ಟ್ಯಾಂಕಿಗೆ ಮಾತ್ರ ತುಂಬಬ್ಯಾಡ್ರಿ, ಕೈಮುಗೀತೀನಿ. ಅಲ್ಲೆ ಉರಿಯೂ ಜ್ವಾಲಾಮುಖಿ ಯಾವುದೂ ಇಲ್ಲ. ಮಳಿ ನೀರು ಕಲ್ಲಿನ ಬಿರುಕಿನಾಗ ಭಾಳ ಆಳಕ್ಕ ಇಳದು, ಭೂಮಿ ಕಾವಿಗೆ ಕಾದು, ಮತ್ತೊಂದು ಬಿರುಕು ಹಿಡದು ಮ್ಯಾಲ ಬರ್ತದ. ಬರೂ ಮುಂದ ಕಲ್ಲಿನ್ಯಾಗಿನ ಉಪ್ಪು, ಸಲ್ಫೇಟ್, ಸಿಲಿಕಾ ಕರಗಿಸಿಕೊಂಡು ಬರ್ತದ. ಬಿಸಿ ಇದ್ದಾಗ ಕರಗಿದ್ದು ಟ್ಯಾಂಕಿನ್ಯಾಗ ಆರಿದ ಕೂಡಲೇ ಬಿಳಿ ಹೆಪ್ಪಾಗಿ ಕೂಡ್ತದ. ಮೊದಲ ಕಟ್ಟೂದು ಪಂಪಿನ ಮುಂದಿನ ಜಾಲರಿ, ಆಮ್ಯಾಲ ಪಂಪಿನ ವಾಲ್ವಿನ ರಬ್ಬರ್, ಆಮ್ಯಾಲ ಶವರ್ ತೂತು. ಪಂಪು ಓಡ್ತದ, ನೀರು ಬರಂಗಿಲ್ಲ. ಅದೂ ಅಲ್ಲದ 60 ಡಿಗ್ರಿ ನೀರಿಗೆ 8 ಎಂಎಂ ಪಿಯು (ಪಾಲಿಯುರೆಥೇನ್ ಪ್ಲಾಸ್ಟಿಕ್) ಪೈಪು ಮೆತ್ತಗಾಗಿ ಜೋಡಣಿಯಿಂದ ಕಳಚ್ತದ.

ಗ್ಯಾಸ್ ಉಳಿತಾಯದ ಲೆಕ್ಕಾನೂ ನೋಡ್ರಿ. ನಾಲ್ಕು ಮಂದಿಗೆ ತಲಿಗೆ 10 ಲೀಟರ್ ಅಂತ 40 ಲೀಟರ್ ನೀರು 15 ಡಿಗ್ರಿ ಏರಸಾಕ, ಒಲಿಯ ಕಾವು ಅರ್ಧ ಹೊರಗ ಹೋದ್ರೂ, ಸುಮಾರು 110 ಗ್ರಾಂ ಗ್ಯಾಸ್. ಇಷ್ಟಕ್ಕ ಪಂಪ್ ಕೆಡಸಿಕೋಬ್ಯಾಡ್ರಿ.

ಕುಂಡದಾಗ ಸಾಬಣ, ಶಾಂಪೂ ಹಚ್ಚಬ್ಯಾಡ್ರಿ. ಆ ನೀರು ಹಳ್ಳಕ್ಕ, ಹೊಳಿಗೆ ಹೋಗ್ತದ. ಹೊರಗ ಬಂದ ಮ್ಯಾಲ ಒಬ್ಬೊಬ್ಬರೂ ಐದಾರು ಲೀಟರ್ ಸಿಹಿನೀರು ಮೈಮ್ಯಾಲ ಹಾಕ್ಕೋಬೇಕು, ಇಲ್ಲಂದ್ರ ಉಪ್ಪು ಒಣಗಿ ಮೈ ಕಡೀತದ. ಅವ್ವಾರ ಬೆಳ್ಳಿ ಕಾಲುಂಗುರ, ಕಾಲ್ಗೆಜ್ಜಿ ಮೊದಲ ತೆಗಸಿಡ್ರಿ. ಗಂಧಕದ ನೀರು ತಾಗಿದ್ರ ಬೆಳ್ಳಿ ಕರ್ರಗಾಗ್ತದ.

ಅಕ್ಕಲಕೋಟ ವೈರಿಂಗ್

ಕರೆಂಟಿನ ಲೆಕ್ಕ ನಾ ಹೇಳ್ತೀನಿ.

ನಿಮ್ಮ ಬ್ಯಾಟರಿ 12.8 ವೋಲ್ಟ್ × 200 = 2560 ವ್ಯಾಟ್-ಅವರ್. ಪೂರ್ತಿ ಬರಿದು ಮಾಡದ 2200 ಅಂತ ಹಿಡೀರಿ. ಖರ್ಚು: ಫ್ರಿಜ್ ಓಡೂ ಮುಂದ 45 ವ್ಯಾಟ್, ಕೊಂಕಣದ ಸೆಕಿಗೆ ದಿನದ ಅರ್ಧ ಓಡ್ತದ, ಅಂದ್ರ 500ರ ಮ್ಯಾಲ. ಎರಡು ಬಿಎಲ್‌ಡಿಸಿ ಫ್ಯಾನ್ 25 ವ್ಯಾಟಿನಂಗ 9 ತಾಸು, 450. ದೀಪ, ಮೊಬೈಲ್, ಪಂಪ್ ಎಲ್ಲಾ ಕೂಡಿ 150. ದಿನಕ್ಕ 1100 ಆತು. ಏನೂ ಚಾರ್ಜ್ ಆಗದಿದ್ರ ಬರೋಬ್ಬರಿ ಎರಡು ದಿನ.

ಎಸಿ ಇದರಾಗ ಹಿಡೀಬ್ಯಾಡ್ರಿ. ಒಂದು ಟನ್ ಎಸಿ ಇನ್ವರ್ಟರ್ ನಷ್ಟ ಸೇರಿ 1000 ವ್ಯಾಟ್ ಎಳದ್ರ ತುಂಬಿದ ಬ್ಯಾಟರಿ ಎರಡು ತಾಸಿಗೆ ಖಾಲಿ. ಡಿಸೆಂಬರದಾಗ ಅಲ್ಲೆ ರಾತ್ರಿ ತಂಪಿರ್ತದ, ಮ್ಯಾಲಿನ ವೆಂಟ್ ತಗದು ಎದುರಿನ ಖಿಡಕಿ ಎರಡು ಬೆರಳು ಬಿಟ್ರ ಸಾಕು.

ಸೋಲಾರ್ 400 ವ್ಯಾಟ್ ಬಯಲಿನ್ಯಾಗ ದಿನಕ್ಕ 1200ರಿಂದ 1400 ಕೊಡ್ತದ. ಮಾವಿನ ಗಿಡದ ನೆರಳಿನ್ಯಾಗ ನಿಲ್ಲಿಸಿದ್ರ ಹತ್ತರಾಗ ಒಂದು ಪಾಲೂ ಬರೂದಿಲ್ಲ. ಪ್ಯಾನೆಲ್ ಎರಡೂ ಸೀರೀಸ್‌ದಾಗ ಇದ್ದು ಒಂದರ ಮ್ಯಾಲ ನೆರಳು ಬಿದ್ರ ಇನ್ನೊಂದಕ್ಕೂ ಪೆಟ್ಟು, ನೆರಳಿನ ನಾಡಿಗೆ ಹೋಗೂರು ಪ್ಯಾರಲಲ್ ಮಾಡಿಸಿಕೊಳ್ಳೂದು ಛಲೋ.

ಗಾಡಿ ಓಡೂ ಮುಂದ ಚಾರ್ಜ್ ಆಗಾಕ ಡಿಸಿ-ಡಿಸಿ ಚಾರ್ಜರ್ ಅದ ಏನು? 30 ಆಂಪಿಂದಿದ್ರ ನಾಲ್ಕು ತಾಸಿನ ಹಾದ್ಯಾಗ 120 ಆಂಪ್-ಅವರ್ ತುಂಬ್ತದ. ಚಾರ್ಜರ್ ಇಲ್ಲದ ರಿಲೇ ಹಾಕಿ ಸೀದಾ ಆಲ್ಟರ್ನೇಟರಿಗೆ (ಇಂಜಿನ್ ತಿರಗಿಸಿ ಕರೆಂಟ್ ಮಾಡೂ ಯಂತ್ರ) ಜೋಡಿಸಿದ್ರ ತಗಸ್ರಿ. ಲಿಥಿಯಂ ಬ್ಯಾಟರಿಯ ಒಳಗಿನ ತಡೆ ಭಾಳ ಕಮ್ಮಿ, ಎಷ್ಟು ಕೊಟ್ರೂ ಎಳೀತದ. ಘಾಟಿನ್ಯಾಗ ಇಂಜಿನ್ ನಿಧಾನ ತಿರಗೂ ಮುಂದ ಆಲ್ಟರ್ನೇಟರಿಗೆ ಗಾಳಿ ಕಮ್ಮಿ, ಹೊರೆ ಪೂರ್ತಿ, ಸುಡೂದು ಆಗ. ಚಾರ್ಜರಿನ ಕೇಬಲ್ಲಿಗೆ ಇಂಜಿನ್ ಬ್ಯಾಟರಿ, ಲಿಥಿಯಂ ಬ್ಯಾಟರಿ ಎರಡೂ ಕಡೆ ಫ್ಯೂಸ್ ಇರ್ಲಿ, ಕೇಬಲ್ 10 ಚದರ ಎಂಎಂಕಿಂತ ಸಣ್ಣದು ಬ್ಯಾಡ.

ಲಾಜಿನ ಪ್ಲಗ್ಗಿಗೆ ಜೋಡಸಾಕ 2.5 ಚದರ ಎಂಎಂ, ಮೂರು ತಂತಿ ಕೇಬಲ್ 25 ಮೀಟರ್ ಒಯ್ರಿ. ರೀಲಿಗೆ ಸುತ್ತಿದ್ದು ಪೂರ್ತಿ ಬಿಚ್ಚಿ ಹಾಸ್ರಿ, ಸುತ್ತಿದಂಗ ಇಟ್ಟು ಹೊರೆ ಹಾಕಿದ್ರ ಕಾವು ಹೊರಗ ಹೋಗದ ನಿರೋಧಕ ಕರಗ್ತದ. ಜೋಡಿಸೂ ಮೊದಲ ಸಾಕೆಟ್ ಟೆಸ್ಟರ್ ಹಾಕಿ ಅರ್ಥಿಂಗ್ ಅದ ಇಲ್ಲ ನೋಡ್ರಿ. ಅರ್ಥಿಂಗ್ ಇಲ್ಲದ ಸಾಕೆಟ್ಟಿಗೆ ಕಬ್ಬಿಣದ ಬಾಡಿ ಗಾಡಿ ಜೋಡಸಬ್ಯಾಡ್ರಿ, ಒದ್ದಿ ಕಾಲಿಲೆ ಬಾಗಲಾ ಮುಟ್ಟಿದಾಂವಗ ಹೊಡೀತದ. ಗಾಡಿ ಒಳಗ ಬರೂ ಲೈನಿಗೆ 30 ಮಿಲಿಆಂಪಿನ ಆರ್‌ಸಿಬಿಓ (ಕರೆಂಟ್ ಸೋರಿದ್ರ ತಾನ ಬಂದ್ ಆಗೂ ಸ್ವಿಚ್) ಇರಲೇಬೇಕು.

ಕುಂಬಳೆ ಕಡಲು

ಕಾಸರಗೋಡಿನ ಕಡೆಯಿಂದ ಎರಡು ಮಾತು. ನಮಗೆ ಹತ್ತಿರದ್ದು ಪುತ್ತೂರು ತಾಲೂಕಿನ ಇರ್ದೆಯ ಬೆಂದ್ರು ತೀರ್ಥ, ಸೀರೆ ಹೊಳೆಯ ದಡದಲ್ಲಿ. ಅದು ಸಣ್ಣದು, ದೊಡ್ಡ ಗಾಡಿಗೆ ಹೇಳಿದ ಜಾಗ ಅಲ್ಲ. ಆದ್ದರಿಂದ ಇಲ್ಲಿಂದ ಕ್ಯಾಂಪರ್ ತೆಗೆದುಕೊಂಡು ಹೋಗುವವರೂ ಹೆದ್ದಾರಿ 66 ಹಿಡಿದು ಉನ್ಹಾಳೆಗೇ ಹೋಗುವುದು.

ಯಾರೂ ಹೇಳದ ಮುಖ್ಯ ವಿಷಯ ಒಂದುಂಟು: ಮೂಗಿಗೆ ನೀರು ಹೋಗಬಾರದು. ನೇಗ್ಲೇರಿಯಾ ಫೌಲೇರಿ ಎಂಬ ಅಮೀಬಾ ಬೆಚ್ಚಗಿನ ಸಿಹಿನೀರಿನಲ್ಲಿ ಬದುಕುತ್ತದೆ, 46 ಡಿಗ್ರಿವರೆಗೂ ತಡೆದುಕೊಳ್ಳುತ್ತದೆ. ಕುಡಿದರೆ ಬರುವ ರೋಗ ಅಲ್ಲ, ಮೂಗಿನ ಮೂಲಕ ಮೆದುಳಿಗೆ ಏರುವಂಥದ್ದು. ಅಪರೂಪ, ಆದರೆ ಬಂದರೆ ಉಳಿಯುವವರು ಬಹಳ ಕಡಿಮೆ. 2024 ಮತ್ತು 2025ರಲ್ಲಿ ಕೇರಳದಲ್ಲಿ ಅಮೀಬಾದ ಮೆದುಳು ಜ್ವರ ಕಾಣಿಸಿಕೊಂಡ ಮೇಲೆ ಇಲ್ಲಿ ಕೆರೆಗೆ ಇಳಿಯುವ ಮಕ್ಕಳಿಗೆಲ್ಲ ಇದನ್ನೇ ಹೇಳುತ್ತಾರೆ. ಹುಡುಗನಿಗೆ ಕುತ್ತಿಗೆ ಮಟ್ಟ ಸಾಕು. ಮುಳುಗುವುದು, ಹಾರುವುದು, ತಳದ ಕೆಸರು ಕದಡುವುದು ಬೇಡ. ಮೂಗಿನ ಕ್ಲಿಪ್ ಸಿಕ್ಕಿದರೆ ತೆಗೆದುಕೊಳ್ಳಿ. ಸ್ನಾನವಾಗಿ ಹತ್ತು ಹನ್ನೆರಡು ದಿನದೊಳಗೆ ಜೋರು ತಲೆನೋವು, ಜ್ವರ, ವಾಂತಿ, ಕುತ್ತಿಗೆ ಬಿಗಿತ ಕಂಡರೆ ಆಸ್ಪತ್ರೆಗೆ ಓಡಿ, ಬಿಸಿನೀರಿನ ಕುಂಡಕ್ಕೆ ಇಳಿದದ್ದನ್ನು ಡಾಕ್ಟರಿಗೆ ನೀವೇ ಬಾಯಿಬಿಟ್ಟು ಹೇಳಿ.

ಬಿಸಿಯ ಬಗ್ಗೆ: ತುರಳದ ಮೂಲದಲ್ಲಿ ನೀರು 60 ಡಿಗ್ರಿ ಆಸುಪಾಸು, ರಾಜವಾಡಿಯಲ್ಲಿ 50 ದಾಟುತ್ತದೆ, ಆರವಲಿ ಮತ್ತು ಉನ್ಹಾಳೆ 40ರ ಸುತ್ತಮುತ್ತ. ಬುಗ್ಗೆ ಏಳುವ ಬಾಯಿಗೂ ಸ್ನಾನದ ತೊಟ್ಟಿಗೂ ವ್ಯತ್ಯಾಸ ಉಂಟು, ಹಾಗಾಗಿ ಅಡುಗೆಯ ಡಿಜಿಟಲ್ ಥರ್ಮಾಮೀಟರ್ ಒಂದು ಜೊತೆಗಿರಲಿ. 60 ಡಿಗ್ರಿ ನೀರು ಐದು ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ, ಮಕ್ಕಳಿಗೆ ಅದಕ್ಕಿಂತ ಬೇಗ. 40 ಡಿಗ್ರಿಯಲ್ಲಿ ಆರೋಗ್ಯವಂತರು 10ರಿಂದ 15 ನಿಮಿಷ ಕೂರಬಹುದು.

ಅಮ್ಮನವರನ್ನು ಪೂರ್ತಿ ಇಳಿಸಬೇಡಿ. ಬಿಸಿನೀರಲ್ಲಿ ರಕ್ತನಾಳ ಹಿಗ್ಗಿ ಒತ್ತಡ ಇಳಿಯುತ್ತದೆ. ಬಿಪಿ ಮಾತ್ರೆಯೂ ಸೇರಿದರೆ ಏಳುವಾಗ ಕಣ್ಣು ಕತ್ತಲೆ ಬಂದು ಪಾಚಿಯ ಮೆಟ್ಟಿಲಲ್ಲಿ ಬೀಳುವುದು. ಸಕ್ಕರೆ ಕಾಯಿಲೆಯವರಿಗೆ ಪಾದದ ಸ್ಪರ್ಶ ಮಂದವಾಗಿರಬಹುದು, ಸುಟ್ಟದ್ದೇ ಗೊತ್ತಾಗುವುದಿಲ್ಲ. ಅವರ ಕಾಲಿನಿಂದ ನೋಡಬೇಡಿ, ನೀವು ಥರ್ಮಾಮೀಟರ್ ಹಾಕಿ 38ರ ಒಳಗೆ ಇದ್ದರೆ ಮೊಣಕಾಲಿನವರೆಗೆ ಐದು ನಿಮಿಷ ಇಳಿಬಿಡಲಿ. ಅದೂ ಹೊರಡುವ ಮೊದಲು ಅವರ ಡಾಕ್ಟರಲ್ಲಿ ಕೇಳಿಯೇ. ಪಾದದಲ್ಲಿ ಗಾಯ ಇದ್ದರೆ ಅದೂ ಬೇಡ.

ಗಾಡಿಗೆ: ಒದ್ದೆ ಬೈರಾಸು ಒಳಗೆ ಒಣಗಿಸಬೇಡಿ, ಆ ತೇವ ಬೆಳಗಾಗುವಾಗ ಹಾಸಿಗೆಯ ಅಡಿಯ ಪ್ಲೈವುಡ್ಡಿನಲ್ಲಿ ಇರುತ್ತದೆ. ಬ್ಯಾಟರಿ ಟರ್ಮಿನಲ್‌ಗಳಿಗೆ ವ್ಯಾಸಲೀನ್ ತೆಳ್ಳಗೆ ಹಚ್ಚಿ. ಮತ್ತೆ, ತೆಂಗಿನ ಮರದ ಅಡಿ ಗಾಡಿ ಇಡಬೇಡಿ. ಕಾಯಿ ಬೇಡ, ಒಣ ಮಡಲು ಬಿದ್ದರೂ ಸೋಲಾರ್ ಗಾಜು ಹೋಯಿತು.

ಜತ್ತದ ಗಾಡಿ

ಭಾಳ ಉಪಕಾರ ಆತ್ರಿ ಮೂವರಿಗೂ. ಅವ್ವನ ಕಾಲಿನ ಮಾತು ನಮ್ಮ ತಲಿಗೇ ಹೊಳದಿರ್ಲಿಲ್ಲ. ಡಿಸಿ-ಡಿಸಿ ಚಾರ್ಜರ್ 30 ಆಂಪಿಂದ ಅದ. ಇನ್ನ ಎರಡು ಉಳದಾವ: ಕ್ಯಾಸೆಟ್ ಎಲ್ಲಿ ಖಾಲಿ ಮಾಡೂದು, ಮತ್ತ ಅಂಬಾ ಘಾಟ ಇಳಸೂ ಮುಂದ ಈ ತೂಕದ ಗಾಡಿಗೆ ಏನು ಎಚ್ಚರ?

ಸೊಲ್ಲಾಪುರ ಸವಾರ

ಕ್ಯಾಸೆಟ್ 20 ಲೀಟರ್ ನಾಲ್ಕು ಮಂದಿಗೆ ಒಂದೂವರಿ ದಿನ ಅಷ್ಟ. ಲಾಜಿನ್ಯಾಗ ಖೋಲಿ ಹಿಡದ್ರ ಅಲ್ಲಿನ ಕಮೋಡಿಗೆ ಮಾಲಕರನ್ನ ಕೇಳಿ ಸುರೂರಿ, ಗಾಡೀದು ರಾತ್ರಿಗಷ್ಟ ಇರ್ಲಿ. ಫಾರ್ಮಾಲ್ಡಿಹೈಡ್ ಇರೂ ನೀಲಿ ದ್ರಾವಣ ಹಾಕಬ್ಯಾಡ್ರಿ. ಹಳ್ಳಿ ಕಡೆ ಎಲ್ಲಾ ಸೆಪ್ಟಿಕ್ ಟ್ಯಾಂಕು, ಅದರಾಗಿನ ಬ್ಯಾಕ್ಟೀರಿಯಾ ಸತ್ರ ಟ್ಯಾಂಕ್ ತುಂಬಿ ನಾರ್ತದ. ಎಂಜೈಮಿಂದ ತಗೋರಿ. ಪಾತ್ರಿ ತೊಳದ ನೀರೂ ಕುಂಡದ ಹತ್ರ, ಹೊಳಿ ಹತ್ರ ಬಿಡಬ್ಯಾಡ್ರಿ. ಜರಡಿ ಹಿಡದು ಲಾಜಿನ ಮೋರಿಗೆ ಬಿಡ್ರಿ.

ಘಾಟಿಗೆ ಮೊದಲ ತೂಕ ಇಳಸ್ರಿ. 100 ಲೀಟರ್ ನೀರಂದ್ರ 100 ಕಿಲೋ. ಅರ್ಧ ತುಂಬಿದ್ದು ಇನ್ನೂ ಕೆಟ್ಟದ್ದು, ಒಳಗ ಅಡ್ಡಗೋಡಿ ಇಲ್ಲದ ಟ್ಯಾಂಕಿನ್ಯಾಗ ತಿರುವಿಗೊಮ್ಮೆ ನೀರು ಹೊಯ್ದಾಡಿ ಗಾಡಿ ವಾಲಸ್ತದ. ಟ್ಯಾಂಕ್ ಖಾಲಿ ಮಾಡಿ, ಕುಡ್ಯಾಕ 20 ಲೀಟರಿನ ಎರಡು ಕ್ಯಾನ್ ನೆಲಕ್ಕ ಬೆಲ್ಟ್ ಬಿಗದು ಒಯ್ರಿ. ಘಾಟ ಇಳದ ಮ್ಯಾಲ ಸಾಖರಪ್ಯಾದಾಗ ಇಲ್ಲಾ ದೇವರೂಖದಾಗ ತುಂಬಿಸ್ರಿ. ಸಿಲಿಂಡರ್ ನೆಟ್ಟಗ ನಿಂತು ಬಿಗದಿರ್ಬೇಕು, ರೆಗ್ಯುಲೇಟರ್ ಬಂದ್. ಸಿಲಿಂಡರಿನ ಕಪಾಟಿಗೆ ತಳದಾಗ ತೂತಿರ್ಬೇಕು, ಯಾಕಂದ್ರ ಈ ಗ್ಯಾಸ್ ಗಾಳಿಗಿಂತ ಭಾರ, ಸೋರಿದ್ರ ಕೆಳಗ ಕೂಡ್ತದ. ಕಿತ್ತಳಿ ಬಣ್ಣದ ಸುರಕ್ಷಾ ಪೈಪಿನ ಮ್ಯಾಲಿನ ತಾರೀಖು ನೋಡ್ರಿ, ಐದು ವರ್ಷ ಆಗಿದ್ರ ಬದಲಸ್ರಿ.

ಆರ್‌ಸಿ ಪುಸ್ತಕದಾಗ ಗಾಡಿ ಕ್ಯಾರವ್ಯಾನ್ ಅಂತ ಏರಿದ್ದದ ಇಲ್ಲ ಅದನ್ನೂ ಒಮ್ಮೆ ನೋಡ್ಕೋರಿ. ಮೋಟಾರು ವಾಹನ ಕಾಯ್ದೆ 52ನೇ ಕಲಮಿನ ಪ್ರಕಾರ ಮಾರ್ಪಾಡು ನೋಂದಣಿ ಆಗಿರ್ಬೇಕು, ಇಲ್ಲಂದ್ರ ಅಪಘಾತ ಆದಾಗ ವಿಮೆಗೆ ತೊಡಕು.

ಇಳಿಜಾರು ಶುರು ಆಗೂ ಮೊದಲ ಎರಡನೇ ಗೇರಿಗೆ ಬರ್ರಿ, ವೇಗ ಹಿಡದ ಮ್ಯಾಲ ಅಲ್ಲ. ಬ್ರೇಕ್ ಮ್ಯಾಲ ಕಾಲಿಟ್ಕೊಂಡು ಕೂಡಬ್ಯಾಡ್ರಿ. ಗಟ್ಟಿಯಾಗಿ ಒತ್ತಿ ವೇಗ 30ರಿಂದ 20ಕ್ಕ ತಂದು ಪೂರ್ತಿ ಬಿಡ್ರಿ, ಮತ್ತ 30 ಆದಾಗ ಒತ್ರಿ. ಹಿಂಗ ಮಾಡಿದ್ರ ನಡು ನಡು ಲೈನರ್ ಆರಾಕ ಹೊತ್ತು ಸಿಗ್ತದ. ಸುಟ್ಟ ವಾಸನಿ ಬಂದ್ರ, ಪೆಡಲ್ ಆಳಕ್ಕ ಹೋಗಾಕತ್ತಿದ್ರ ಅಗಲ ಇದ್ದಲ್ಲಿ ನಿಲ್ಲಿಸಿ, ಗೇರಿನ್ಯಾಗ ಬಿಟ್ಟು, ಗಾಲಿಗೆ ಕಲ್ಲು ಕೊಟ್ಟು ಅರ್ಧ ತಾಸು ಬಿಡ್ರಿ. ಕಾದ ಬ್ರೇಕ್ ಇದ್ದಾಗ ಹ್ಯಾಂಡ್‌ಬ್ರೇಕ್ ಎಳೀಬ್ಯಾಡ್ರಿ, ನೀರು ಸುರೀಬ್ಯಾಡ್ರಿ, ಡ್ರಮ್ ಸೀಳ್ತದ.

ಸಾಖರಪ್ಯಾದಾಗ ನಿಂತಾಗ ನಾಲ್ಕೂ ಗಾಲಿ ಹತ್ರ ಮುಟ್ಟದ ಅಂಗೈ ಹಿಂಬದಿ ಹಿಡದು ನೋಡ್ರಿ. ಮುಂದಿನ ಎರಡರ ಕಾವು ಸರಿಸಮ ಇರ್ಬೇಕು, ಹಿಂದಿನ ಎರಡರದ್ದೂ ಹಂಗ. ಜೋಡಿಯೊಳಗ ಒಂದು ಮಾತ್ರ ಹೆಚ್ಚು ಕಾದಿದ್ರ ಆ ಗಾಲಿ ಬ್ರೇಕ್ ಹಿಡಕೊಂಡಂಗ. ದೇವರೂಖದಾಗ ಮೆಕ್ಯಾನಿಕ್‌ಗೆ ತೋರಿಸಿ ಮುಂದ ಹೋಗ್ರಿ, ವಾಪಸ್ ಬರೂ ಮುಂದ ಅದ ಘಾಟ ಏರೂದದ.