ಬಾಲದ ಬುಡ ತಿಳಿ ಬೂದು: ಇದು ಕಪ್ಪು ಕಿವಿ ಮೈನರಾ, ಬೆರಕೆಯಾ?

ಅಡಿಲೇಡ್ ಹಕ್ಕಿಗ: ದಕ್ಷಿಣ ಆಸ್ಟ್ರೇಲಿಯಾದ ಗ್ಲೂಪಾಟ್ ರಿಸರ್ವ್‌ನಲ್ಲಿ ತೆಗೆದ ಫೋಟೋ ಹಾಕಿದ್ದೇನೆ. ಮಕರಂದ ಹೀರುವ ಹನಿಈಟರ್ ಹಕ್ಕಿಗಳ ಕುಟುಂಬದ್ದು, ನಮ್ಮ ಗೊರವಂಕದ ಬಳಗವಲ್ಲ. ಮುಖ ಕಡುಗಪ್ಪು, ಬಾಲದ ತುದಿಯಲ್ಲಿ ಬಿಳಿ ಇಲ್ಲ. ಆದರೆ ಹಾರಿದಾಗ ಬಾಲದ ಬುಡ ಬೆನ್ನಿಗಿಂತ ತುಸು ತಿಳಿಯಾಗಿತ್ತು. ಕಪ್ಪು ಕಿವಿ ಮೈನರ್ ಅಂತ ಇ-ಬರ್ಡ್‌ಗೆ (ಹಕ್ಕಿ ನೋಡಿದ್ದನ್ನು ದಾಖಲಿಸುವ ಜಾಲತಾಣ) ಹಾಕಬಹುದಲ್ವಾ?

ಗೀಜಗ: ಬೇಡ. ಅಪ್ಪಟ ಕಪ್ಪು ಕಿವಿಗೆ ಬೆನ್ನು, ಬಾಲದ ಬುಡ ಎರಡೂ ಒಂದೇ ಬೂದು. ಹಳದಿ ಕತ್ತಿನ ಮೈನರ್‌ಗೆ ಅಲ್ಲಿ ಬಿಳಿ, ಹಾರಿದರೆ ದೂರಕ್ಕೇ ಕಾಣುತ್ತೆ. ಇವೆರಡರ ನಡುವಿನ ಬಣ್ಣ ಅಂದರೆ ಬೆರಕೆ.

ಕೊಡಗಿನ ಕಾಜಾಣ: ಒಂದು ಫೋಟೋ ನೋಡಿ ಅಷ್ಟು ಖಚಿತವಾಗಿ ಹೇಳ್ತೀರಾ? ನಡುಮಧ್ಯಾಹ್ನದ ಬಿಸಿಲಲ್ಲಿ ಬೂದು ಬಿಳಿಚಿಕೊಳ್ಳುತ್ತೆ. ನೆರಳಲ್ಲಿ ಕೂತಿರೋ ಫೋಟೋ ಇದೆಯಾ?

ಅಡಿಲೇಡ್ ಹಕ್ಕಿಗ: ಎರಡನೇದು ನೆರಳಲ್ಲೇ ತೆಗೆದದ್ದು. ಅದರಲ್ಲೂ ತಿಳಿಯೇ.

ವಿಜಯಪುರದಾಂವ: ಒಂಟಿ ಹಕ್ಕಿ ಬಿಡ್ರಿ, ಗುಂಪು ನೋಡ್ರಿ. ಇವು ಕಾಲೊನಿ ಕಟ್ಟಿ ಬದುಕ್ತಾವ, ಒಂದು ಗೂಡಿನ ಮರಿಗೆ ಹತ್ತಾರು ಹಕ್ಕಿ ಉಣಿಸ್ತಾವ. ಅದೇ ಗುಂಪಿನಾಗ ಅಪ್ಪಟನೂ ಇರ್ತಾವ, ಬೆರಕಿನೂ ಇರ್ತಾವ. ಬೆರಕಿ ಹಕ್ಕಿ ಮತ್ತ ಕಪ್ಪು ಕಿವಿ ಜೋಡಿನ ಕೂಡಿದ್ರ ಅದರ ಮರಿ ಬೆರಕಿ ಅಂತ ಕಣ್ಣಿಗೆ ಗೊತ್ತಾಗೋದು ಭಾಳ ಕಷ್ಟ.

ಕೆರೆಯಂಚು: ಬೆರಕೆ ಆಗೋದು ಸಹಜ ತಾನೇ, ಅದಕ್ಕೇಕೆ ಚಿಂತೆ?

ಗೀಜಗ: ಇಲ್ಲಿ ಮನುಷ್ಯರು ತಂದಿಟ್ಟದ್ದು. ಮ್ಯಾಲೀ ಅಂದರೆ ಬುಡದಿಂದಲೇ ಹಲವು ಕಾಂಡ ಒಡೆಯುವ ಕುಳ್ಳ ನೀಲಗಿರಿ ಕಾಡು. ದಶಕಗಟ್ಟಲೆ ಬೆಂಕಿ ಬೀಳದ ಮ್ಯಾಲೀ ಕಪ್ಪು ಕಿವಿಗೆ ಬೇಕು. ಗೋಧಿ ಬೆಳೆಯೋಕೆ ಅದನ್ನು ಕಡಿದರು, ಕುರಿಗಳಿಗೆ ಹೊಂಡ ತೋಡಿದರು. ಬಯಲಲ್ಲಿದ್ದ ಹಳದಿ ಕತ್ತು ಆ ನೀರಿನ ಜಾಡು ಹಿಡಿದು ಒಳಗೆ ಬಂತು, ಕಪ್ಪು ಕಿವಿಯ ಜೊತೆ ಕೂಡಿತು. 1997ರಲ್ಲಿ ಬರ್ಡ್ಸ್ ಆಸ್ಟ್ರೇಲಿಯಾ ಸಂಸ್ಥೆ ಗ್ಲೂಪಾಟ್ ಕುರಿಫಾರಂ ಕೊಂಡ ಮೇಲೆ ಹೊಂಡಗಳನ್ನು ಮುಚ್ಚಿಸಿದ್ದು ಇದಕ್ಕೇ.

ಕೊಡಗಿನ ಕಾಜಾಣ: ಕಪ್ಪು ಕಿವಿಯ ವಂಶವಾಹಿ ಆ ಬೆರಕೆಗಳಲ್ಲೂ ಉಳಿದಿದೆ. ಅವನ್ನು ಕಡೆಗಣಿಸೋದು ನನಗೆ ಒಪ್ಪಿಗೆಯಿಲ್ಲ.

ಗೀಜಗ: ಕಡೆಗಣಿಸಿ ಅಂದೆನಾ? ಬೆರಕೆಯನ್ನು ಬೆರಕೆ ಅಂತಲೇ ದಾಖಲಿಸಿ ಅಂದೆ. ಅಪ್ಪಟದ ಲೆಕ್ಕಕ್ಕೆ ಸೇರಿಸಿದರೆ, ಅಳಿವಿನಂಚಿನ ಹಕ್ಕಿ ಚೆನ್ನಾಗಿಯೇ ಇದೆ ಅನ್ನಿಸಿಬಿಡುತ್ತೆ.

ಅಡಿಲೇಡ್ ಹಕ್ಕಿಗ: ಸರಿ, ಹೈಬ್ರಿಡ್ ಅಂತ ಹಾಕಿದೆ. ಮುಂದಿನ ಸಲ ಕೂಗಿನ ರೆಕಾರ್ಡಿಂಗ್ ಹಾಕಿ ಹತ್ತಿರ ಕರೆಸಿಕೊಳ್ಳಲಾ?

ವಿಜಯಪುರದಾಂವ: ಬ್ಯಾಡ್ರಿ, ಗ್ಲೂಪಾಟ್‌ನಾಗ ಅದು ನಿಷೇಧ. ಸುಮ್ಮನ ಕೂತು ಕಾಯ್ರಿ. ಮರದಿಂದ ಮರಕ್ಕ ಹಾರೋವಾಗ ಹಿಂದಿನಿಂದ ವಿಡಿಯೊ ತಗೀರಿ, ಸಿಕ್ಕಷ್ಟು ಹಕ್ಕಿದು.