ಪದಚರ್ಚೆ: ಫೋನಿನಲ್ಲಿ ಹೆಣ್ಣುಮಕ್ಕಳನ್ನು ಕೇಳುವಾಗ ‘ಹಿಂಸೆ’, ‘ದೌರ್ಜನ್ಯ’ ಬಿಟ್ಟು ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹೆಣ್ಣುಮಕ್ಕಳಿಗೆ ಫೋನ್ ಹಚ್ಚಿ, ಮನೆಯೊಳಗಿನ ಹೊಡೆತ, ಬೆದರಿಕೆ, ಒತ್ತಾಯಗಳ ಬಗ್ಗೆ ಕೇಳುವ ಅಧ್ಯಯನವೊಂದರ ಪ್ರಶ್ನಾವಳಿಯನ್ನು ತಿದ್ದುತ್ತಿದ್ದೇನೆ. ಮೂಲ ಇಂಗ್ಲಿಷಿನದು. ಈಗಿರುವ ಕನ್ನಡದಲ್ಲಿ ನಿಘಂಟು ಒಪ್ಪದ ಪದ ಒಂದೂ ಇಲ್ಲ. ಆದರೂ ಗಟ್ಟಿಯಾಗಿ ಓದಿದರೆ ಕೋರ್ಟಿನ ಸಮನ್ಸ್ ಓದಿದಂತೆ ಕೇಳುತ್ತದೆ. ಒಂದು ಪ್ರಶ್ನೆ ಹೀಗಿದೆ: “ನಿಮ್ಮ ಸಂಗಾತಿಯಿಂದ ನೀವು ಎಂದಾದರೂ ದೈಹಿಕ ಹಿಂಸೆಗೆ ಒಳಗಾಗಿದ್ದೀರಾ?” ಮುಧೋಳದ ಕಡೆ ಕಬ್ಬಿನ ಹೊಲದ ಕೆಲಸ ಮುಗಿಸಿ ಬಂದು ಫೋನ್ ಎತ್ತಿದ ಹೆಂಗಸಿಗೆ ಈ ವಾಕ್ಯದಲ್ಲಿ ‘ನಿಮ್ಮ’, ‘ನೀವು’ ಬಿಟ್ಟರೆ ದಿನದ ಮಾತು ಎನ್ನುವಂಥದ್ದು ಏನೂ ಇಲ್ಲ. ನನಗೆ ತೋಚಿದ್ದನ್ನು ಬರೆಯುತ್ತೇನೆ. ಬಗೆಹರಿಯದಲ್ಲಿ ನಿಮ್ಮನ್ನು ಕೇಳುತ್ತೇನೆ.

‘ಹಿಂಸೆ’ ನಮ್ಮ ಕಡೆ ಬಳಕೆಯಲ್ಲಿ ಇದೆ, ಆದರೆ ಅರ್ಥ ಬೇರೆ. “ಸೆಕಿಗೆ ಹಿಂಸಾ ಆಗಾಕತ್ತೈತಿ”, “ಅಷ್ಟು ಮಂದಿ ಮುಂದ ಮಾತಾಡಾಕ ಹಿಂಸಾ ಆಗತೈತ್ರಿ” ಅನ್ನುತ್ತೇವೆ. ಕಸಿವಿಸಿ, ಇರುಸುಮುರುಸು, ಮೈಗೆ ಹಿತವಿಲ್ಲದಿರುವುದು ಇದರ ಅರ್ಥ. ಹಾಗಾಗಿ “ಮನ್ಯಾಗ ಹಿಂಸಾ ಆಗತೈತೇನ್ರಿ?” ಎಂದು ಕೇಳಿದರೆ ಮನೆ ಇಕ್ಕಟ್ಟು, ನೀರು ಬರುವುದಿಲ್ಲ ಎಂಬ ಉತ್ತರ ಬಂದರೂ ಬಂತು. ‘ದೌರ್ಜನ್ಯ’ದ ತೊಂದರೆ ಇನ್ನೊಂದು ಬಗೆಯದು. ಪತ್ರಿಕೆ ಓದುವವರ ಕಿವಿಗೆ ಅದು 1989ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ ಪದ, ಪೊಲೀಸ್ ಠಾಣೆಯ ಪದ. ‘ಕಿರುಕುಳ’ ಎಲ್ಲರಿಗೂ ತಿಳಿಯುತ್ತದೆ, ಆದರೆ ಅದರ ಹಿಂದೆಯೇ ‘ವರದಕ್ಷಿಣೆ’ ಬರುತ್ತದೆ, ಫೋನಿನಲ್ಲಿರುವಾಕೆ ಇದೇನೋ ಕೇಸಿನ ವಿಚಾರ ಎಂದು ಹಿಂದೆಗೆಯುತ್ತಾಳೆ. ‘ತ್ರಾಸ’ ಮೃದುವಾದ ಪದ, ಬೆಳಗಾವಿ ಕಡೆಯ ಬಾಯಿಗೆ ಸಹಜ. ಆದರೆ ಹೊಟ್ಟೆನೋವೂ ತ್ರಾಸವೇ, ಸಾಲವೂ ತ್ರಾಸವೇ. ಮಾತು ಶುರುಮಾಡಲು ಒಳ್ಳೆಯದು, ಅಳೆಯಲು ಬಾರದು.

ಎಲ್ಲಕ್ಕಿಂತ ಕೆಟ್ಟದ್ದು ‘ಜಗಳ’ ಎಂದು ನನ್ನ ಅಭಿಪ್ರಾಯ. ಮೆತ್ತಗೆ ಕೇಳಬೇಕೆಂದು ಒಬ್ಬರು “ಜಗಳದಾಗ ಏನರ ಆಗೈತೇನ್ರಿ” ಎಂದು ಸೂಚಿಸಿದ್ದರು. ಜಗಳಕ್ಕೆ ಇಬ್ಬರು ಬೇಕು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಆ ಪದಕ್ಕೆ ಅಂಟಿಕೊಂಡೇ ಬರುತ್ತದೆ. ತಲೆ ಒಡೆಸಿಕೊಂಡು ದವಾಖಾನೆಗೆ ಹೋದವಳನ್ನೂ ಆ ಗಾದೆ ಸುಮ್ಮನಾಗಿಸಿಬಿಡುತ್ತದೆ. ಹೊಡೆತಕ್ಕೆ ಜಗಳವೇ ಬೇಕೆಂದಿಲ್ಲ, ಸಾರಿಗೆ ಉಪ್ಪು ಹೆಚ್ಚಾದರೂ ಸಾಕು.

ಹಾಗಾದರೆ ಹೆಸರುಪದವನ್ನೇ ಬಿಡಬೇಕು, ನಡೆದ ಕೆಲಸವನ್ನು ಕ್ರಿಯಾಪದದಲ್ಲಿ ಕೇಳಬೇಕು. ಇದು ನನ್ನ ಹೊಸ ಮಾತಲ್ಲ. ಕೆನಡಾದ ಅಂಕಿಅಂಶ ಇಲಾಖೆ 1993ರಲ್ಲಿ ಸುಮಾರು 12,300 ಹೆಂಗಸರನ್ನು ಫೋನಿನಲ್ಲೇ ಮಾತನಾಡಿಸಿತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರಗಳು 2010ರಿಂದ ಇಂಥದೇ ಫೋನ್ ಸಮೀಕ್ಷೆ ನಡೆಸಿವೆ. ಎರಡರಲ್ಲೂ ಕೇಳಿದ್ದು ತಳ್ಳಿದ್ದು, ಕಪಾಳಕ್ಕೆ ಹೊಡೆದದ್ದು, ಕುತ್ತಿಗೆ ಹಿಸುಕಿದ್ದು ಎಂದು ಒಂದೊಂದೇ ಕೃತ್ಯವನ್ನು. ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯದೂ ಅದೇ ದಾರಿ, ಆದರೆ ಅದು ಮನೆಗೆ ಹೋಗಿ, ಮನೆಗೊಬ್ಬಳೇ ಹೆಂಗಸನ್ನು, ಬೇರೆ ಯಾರೂ ಇಲ್ಲದಾಗ ಕೇಳುತ್ತದೆ. ಕರ್ನಾಟಕದಲ್ಲಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದೇವೆ ಎಂದ 18ರಿಂದ 49ರ ವಯಸ್ಸಿನವರು 2015-16ರಲ್ಲಿ ಶೇ 20.6 ಇದ್ದರು, 2019-21ರಲ್ಲಿ ಶೇ 44.4 ಆದರು. ಇಷ್ಟರಿಂದಲೇ ಹೊಡೆಯುವವರು ಹೆಚ್ಚಾದರು ಎಂದಾಗಲಿ, ಹೇಳುವ ಧೈರ್ಯ ಹೆಚ್ಚಾಯಿತು ಎಂದಾಗಲಿ ತೀರ್ಮಾನಿಸಲು ಬರುವುದಿಲ್ಲ. ಕೇಳುವ ರೀತಿ ಬದಲಾದರೆ ಹೇಳುವುದು ಬದಲಾಗುತ್ತದೆ. ನನ್ನ ಆತಂಕವೂ ಅದೇ: ನಾವು ಆರಿಸಿದ ಪದದಿಂದಾಗಿ ಒಬ್ಬಳ ನೋವು ಲೆಕ್ಕಕ್ಕೇ ಬಾರದೆ ಹೋಗಬಾರದು.

ಕ್ರಿಯಾಪದಗಳಿಗೆ ಬರೋಣ. ಮೂಲದ ‘ಏನನ್ನಾದರೂ ಎಸೆದರೇ’ ಎನ್ನುವುದಕ್ಕೆ ನಮ್ಮಲ್ಲಿ ‘ಒಗೆ’ ಇದೆ: “ನಿಮ್ಮ ಮ್ಯಾಲೆ ಏನರ ಒಗದದ್ದು”. ಮೈಸೂರು ಕಡೆಯವರಿಗೆ ಒಗೆಯುವುದೆಂದರೆ ಬಟ್ಟೆ, ಹಾಗಾಗಿ ಬೆಂಗಳೂರಿನಲ್ಲಿ ಪರಿಶೀಲಿಸುವವರು ಇದನ್ನು ತಿದ್ದದಂತೆ ನೋಡಿಕೊಳ್ಳಬೇಕು. ‘ತಳ್ಳು’ವಿಗೆ ‘ದಬ್ಬು’, ‘ನೂಕು’ ಎರಡೂ ನಡೆಯುತ್ತವೆ. ಒದೆಯುವುದಕ್ಕೆ ‘ಒದ್ದದ್ದು’ ಸಾಕು, ‘ಝಾಡಿಸಿ ಒದ್ದದ್ದು’ ಎಂದರೆ ಜೋರು ಹೆಚ್ಚಾಗಿ, ಸಣ್ಣಗೆ ಒದೆಸಿಕೊಂಡವರು ‘ಇಲ್ಲ’ ಎಂದುಬಿಡಬಹುದು. ‘ಕೂದಲು ಎಳೆದರೇ’ ಎನ್ನುವುದಕ್ಕಿಂತ ‘ತುರುಬು ಹಿಡಿದು ಎಳದಾಡಿದ್ದು’ ತಕ್ಷಣ ಕಣ್ಣಿಗೆ ಕಟ್ಟುತ್ತದೆ, ಆದರೆ ಎಳೆಯ ವಯಸ್ಸಿನವರಿಗೆ ತುರುಬೆಲ್ಲಿ? ‘ಉಸಿರುಗಟ್ಟಿಸು’ ಈಗ ಬರೀ ಅಲಂಕಾರದ ಮಾತಾಗಿದೆ, ಉಸಿರುಗಟ್ಟುವ ವಾತಾವರಣ ಎನ್ನುತ್ತೇವಲ್ಲ, ಹಾಗೆ. ‘ಕುತ್ತಿಗಿ ಹಿಚಕಿದ್ದು’ ಎಂದೇ ಕೇಳಬೇಕು. ಕುತ್ತಿಗೆಗೆ ಕೈ ಹಾಕಿದ ಗಂಡನಿಂದ ಮುಂದೆ ಜೀವಕ್ಕೇ ಅಪಾಯ ಹೆಚ್ಚು, ಈ ಒಂದು ಪ್ರಶ್ನೆ ಮಸುಕಾಗುವಂತಿಲ್ಲ.

‘ಕೈ ಮಾಡು’ ನನಗೆ ಬಹಳ ಹಿಡಿಸಿದ ಮಾತು. “ನಿಮ್ಮ ಮ್ಯಾಲೆ ಕೈ ಮಾಡಿದ್ದು” ಎಂದರೆ ಹೊಡೆದದ್ದು ಎಂದು ಎಲ್ಲರಿಗೂ ತಿಳಿಯುತ್ತದೆ, ಕೇಳುವವರಿಗೂ ಹೇಳುವವರಿಗೂ ನಾಲಿಗೆ ತಡವರಿಸುವುದಿಲ್ಲ. ‘ಮ್ಯಾಲೆ’ ಬಿಡಬಾರದು ಅಷ್ಟೇ, ಬಸ್ಸಿಗೂ ಕೈ ಮಾಡುತ್ತೇವೆ. ‘ಮೈಮ್ಯಾಲೆ ಬಂದದ್ದು’ ಬೇಡ, ಅದು ದೇವರು ಬರುವುದಕ್ಕೆ ಮೀಸಲು. ‘ಮೈಮ್ಯಾಲೆ ಕೈ ಹಾಕಿದ್ದು’ ಎಂದರೆ ಹೊಡೆದದ್ದೋ, ಕೆಟ್ಟ ಉದ್ದೇಶದಿಂದ ಮುಟ್ಟಿದ್ದೋ? ನನ್ನ ಕಿವಿಗೆ ಎರಡನೆಯದು. ವಿಜಯಪುರದವರು ಏನನ್ನುತ್ತೀರಿ?

ಪದಕ್ಕಿಂತ ವ್ಯಾಕರಣ ನನ್ನನ್ನು ಹೆಚ್ಚು ಕಾಡಿದೆ. ‘ಹೊಡೆಯಲ್ಪಟ್ಟಿದ್ದೀರಾ’ ಯಾರ ಬಾಯಲ್ಲೂ ಇಲ್ಲ. ಅದನ್ನು ಆಡುಮಾತಿಗೆ ಇಳಿಸಲು ಹೋದವರು ‘ಹೊಡಿಸಿಕೊಂಡೀರೇನ್ರಿ’, ‘ಬೈಸಿಕೊಂಡೀರೇನ್ರಿ’ ಎಂದು ಬರೆದಿದ್ದಾರೆ. ಹುಡುಗ ಸಾಲ್ಯಾಗ ಹೊಡಿಸಿಕೊಂಡು ಬಂದ ಎಂದರೆ ಅವನೇನೋ ಮಾಡಿದ್ದ ಎಂಬ ಸೂಚನೆ ಅದರಲ್ಲೇ ಇರುತ್ತದೆ. ಅಂಥ ರೂಪದಲ್ಲಿ ಕೇಳಿದರೆ ಪ್ರಶ್ನೆಯೇ ತಪ್ಪನ್ನು ಆಕೆಯ ಮೇಲೆ ಹೊರಿಸಿದಂತೆ. ಇದನ್ನು ಎಲ್ಲ ಕಡೆಯಿಂದ ತೆಗೆಯಬೇಕು, ರಾಜಿ ಇಲ್ಲ.

ಹಾಗಾದರೆ ಹೊಡೆದವನನ್ನೇ ಕರ್ತೃ ಮಾಡೋಣ ಎಂದರೆ ಬಹುವಚನದ ತೊಡಕು. “ಹೊಡದಾರೇನ್ರಿ?” ಎಂದರೆ ಗೌರವದ ಒಬ್ಬರೋ, ನಿಜವಾಗಿಯೂ ಹಲವರೋ? ಎಷ್ಟು ಜನ ಹೊಡೆದರು ಎಂಬುದು ಅಧ್ಯಯನಕ್ಕೆ ಬೇಕು. “ಹೊಡದಾನೇನ್ರಿ?” ಎಂದರೆ ಫೋನ್ ಮಾಡಿದ ಯಾರೋ ಅಪರಿಚಿತಳು ಆಕೆಯ ಗಂಡನನ್ನು ಏಕವಚನದಲ್ಲಿ ಕರೆದಂತಾಗಿ ಮಾತು ಅಲ್ಲಿಗೇ ಮುರಿಯುತ್ತದೆ. ನನಗೆ ಕಂಡ ದಾರಿ ‘-ದ್ದು’ ರೂಪ: “ಯಾರರ ನಿಮಗ ಹೊಡದದ್ದು ಐತೇನ್ರಿ?” ಇದರಲ್ಲಿ ಏಕವಚನ, ಬಹುವಚನ, ಗೌರವ, ಅಗೌರವ ಯಾವುದೂ ಇಲ್ಲ, ನಡೆದದ್ದು ಮಾತ್ರ ಇದೆ. ಆಮೇಲೆ ಯಾರು ಎಂದು ಬೇರೆಯಾಗಿ ಕೇಳಬಹುದು. ‘ಐತಿ’ ಬದಲು ‘ಅದ’ ಎನ್ನುವವರಿಗೆ “ಹೊಡದದ್ದು ಅದ ಏನ್ರಿ?” ಎಂದು ಕೇಳುವಾಕೆ ತಿರುಗಿಸಿಕೊಂಡರಾಯಿತು. ಇದಕ್ಕಿಂತ ಒಳ್ಳೆಯ ರೂಪ ನಿಮಗೆ ಹೊಳೆದರೆ ಖಂಡಿತ ತಿಳಿಸಿ.

‘ಸಂಗಾತಿ’ ಲಗ್ನಪತ್ರಿಕೆಗೆ ಸರಿ, ಫೋನಿನಲ್ಲಿ ಕೇಳಿದರೆ ಬೇರೆಯೇ ಸಂಬಂಧದ ವಾಸನೆ ಬರುತ್ತದೆ. ‘ನಿಮ್ಮ ಮನಿಯವರು’ ಸಭ್ಯವಾದದ್ದು, ಆದರೆ ಗಂಡನೋ, ಅತ್ತಿ ಮಾವ ನಾದಿನಿಯರೂ ಸೇರಿ ಮನಿ ಮಂದಿಯೆಲ್ಲರೋ? ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಗೆ 2005ರಲ್ಲಿ ಬಂದ ಕಾಯ್ದೆ ಒಂದೇ ಮನೆಯಲ್ಲಿ ಬಾಳುವ ಸಂಬಂಧಿಕರನ್ನೂ ಒಳಗೊಳ್ಳುತ್ತದೆ, ನಮಗೆ ಇಬ್ಬರ ಲೆಕ್ಕವೂ ಬೇರೆ ಬೇರೆ ಬೇಕು. ‘ಮಾಲಕರು’, ‘ಯಜಮಾನರು’ ಆಕೆಯ ಬಾಯಲ್ಲಿ ಬಂದರೆ ಬರಲಿ, ನಾವು ಹೇಳುವುದು ಬೇಡ. ಸೀದಾ ‘ಗಂಡ’ ಎಂದರೆ ಒರಟಾಗುತ್ತದೆಯೇ?

ಆಕೆಯನ್ನು ಕರೆಯುವುದು ಹೇಗೆ? ‘ಮೇಡಂ’ ಎಂದರೆ ಸಾಲದ ಕಂಪನಿಯವರು ಎಂದುಕೊಳ್ಳುತ್ತಾರೆ. ‘ವೈನಿ’ ಎಂದು ಒಂದು ಸಲಹೆ ಬಂದಿದೆ. ದಯವಿಟ್ಟು ಬೇಡ. ವೈನಿ ಎಂದರೆ ಅಣ್ಣನ ಹೆಂಡತಿ, ಕರೆದವಳು ಗಂಡನ ಕಡೆಯವಳಾದಳು. ‘ಅಕ್ಕಾರ’ ಅಥವಾ ಬರೀ ‘ರೀ’ ಸಾಕು.

ಫೋನೇ ತಂದೊಡ್ಡುವ ತೊಡಕುಗಳೂ ಇವೆ. ನಾವು ಫೋನಿನಲ್ಲಿ ‘ಹೂಂ, ಹೂಂ’ ಎನ್ನುತ್ತಲೇ ಕೇಳುತ್ತೇವೆ, ಅದು ಒಪ್ಪಿಗೆಯಲ್ಲ, ಕೇಳಿಸಿಕೊಳ್ಳುತ್ತಿದ್ದೇನೆ ಎಂಬ ಗುರುತು. ಅದನ್ನೇ ‘ಹೌದು’ ಎಂದು ಬರೆದುಕೊಂಡರೆ ಇಡೀ ಲೆಕ್ಕ ಹಾಳು. ‘ಹೊಡೆದಿಲ್ಲ ಅಲ್ಲೇನ್ರಿ?’ ಎಂಬ ನಿಷೇಧದ ಪ್ರಶ್ನೆಗೆ ‘ಹೌದ್ರಿ’ ಎಂದರೆ ಹೊಡೆದಿಲ್ಲ ಎಂದೇ ಅರ್ಥ, ಹಾಗಾಗಿ ಅದೂ ಬೇಡ. ಪಕ್ಕದಲ್ಲಿದ್ದವರಿಗೆ ತಿಳಿಯದಿರಲಿ ಎಂದು ಹೌದಾದರೆ ಒಂದು, ಇಲ್ಲವಾದರೆ ಎರಡು ಎನ್ನಿಸಬಹುದೇ ಎಂದು ಯೋಚಿಸಿದೆವು. ಆದರೆ ಕೂಡಲೇ “ಎಷ್ಟು ಸಲ?” ಎಂಬ ಪ್ರಶ್ನೆ ಬರುತ್ತದೆ, ಅಲ್ಲಿ ‘ಒಂದೆರಡು ಸಲ’ ಎಂಬುದು ನಮ್ಮ ಮಾಮೂಲಿ ಉತ್ತರ. ಅಂಕಿ ಬಿಟ್ಟು ಬೇರೆ ಯಾವ ಜೋಡಿ ಪದ ಸಹಜವಾಗಿ ಕೇಳಿಸೀತು?

“ಈಗ ನೀವು ಒಬ್ಬರೇ ಇದ್ದೀರಾ?” ಎಂಬುದು ಮೂಲದಲ್ಲಿ ಆಕೆಯ ಸುರಕ್ಷತೆಗಾಗಿ ಇಟ್ಟ ಪ್ರಶ್ನೆ. ಗುರುತಿಲ್ಲದ ನಂಬರಿನಿಂದ “ಒಬ್ಬರ ಅದೀರೇನ್ರಿ?” ಎಂದು ಕೇಳಿದರೆ ಯಾವ ಹೆಂಗಸಾದರೂ ಅಂಜುತ್ತಾಳೆ, ಫೋನ್ ಇಡುತ್ತಾಳೆ. “ಈಗ ಮಾತಾಡಾಕ ಪುರಸೊತ್ತ ಐತೇನ್ರಿ? ಸ್ಪೀಕರ್ ಹಚ್ಚೀರೇನ್ರಿ?” ಎಂದು ಬದಲಿಸಿದ್ದೇನೆ. ಯಾರಾದರೂ ಬಂದರೆ “ರಾಂಗ್ ನಂಬರ್ ರೀ” ಎಂದು ಇಟ್ಟುಬಿಡಬಹುದು ಎಂದು ಮೊದಲೇ ಹೇಳುತ್ತೇವೆ. ಕೇಳುವಾಕೆಯೂ ಕೂಡಲೇ ಆರೋಗ್ಯ ಕೇಂದ್ರ ಎಷ್ಟು ದೂರ ಎಂಬ ಮಾತಿಗೆ ತಿರುಗುತ್ತಾಳೆ. ‘ಗೌಪ್ಯ’ ತಿಳಿಯದು, ‘ಗುಟ್ಟಾಗಿ ಇಡತೀವಿ’ ಎಂದರೆ ಸಂಶಯ. “ಯಾರ ಮುಂದೂ ಹೇಳಂಗಿಲ್ಲ” ಸಾಕು. ಕೊನೆಗೆ 181ರ ಮಹಿಳಾ ಸಹಾಯವಾಣಿಯನ್ನು 108, 112, 1098ರಂಥ ಬೇರೆ ಸಹಾಯವಾಣಿಗಳ ನಡುವೆ ಸೇರಿಸಿ ಎಲ್ಲರಿಗೂ ಒಂದೇ ಉಸಿರಿಗೆ ಹೇಳುವುದು, ಮೆಸೇಜು ಕಳಿಸುವುದಿಲ್ಲ, ಆ ಫೋನನ್ನು ಮನೆಯಲ್ಲಿ ಇನ್ಯಾರು ನೋಡುತ್ತಾರೋ.

‘ಕಳೆದ ಹನ್ನೆರಡು ತಿಂಗಳಲ್ಲಿ’ ಎನ್ನುವುದನ್ನು ‘ಹೋದ ವರ್ಷ’ ಎಂದರೆ ಅರ್ಥ ಕೆಡುತ್ತದೆ. ಹಬ್ಬ ಜಾತ್ರೆಗಳನ್ನು ಹಿಡಿಯಬಹುದು: ಜನವರಿಯಲ್ಲಿ ಫೋನ್ ಮಾಡಿದರೆ ವಿಜಯಪುರಕ್ಕೆ ಸಿದ್ಧೇಶ್ವರ ಜಾತ್ರೆ, ಬಾದಾಮಿ ಕಡೆಗೆ ಬನಶಂಕರಿ ಜಾತ್ರೆ, ಫೆಬ್ರುವರಿಯಲ್ಲಾದರೆ ಸವದತ್ತಿ ಕಡೆಗೆ ಭರತ ಹುಣ್ಣಿಮೆ, ಜೂನಿನಲ್ಲಾದರೆ ಕಾರಹುಣ್ಣಿಮೆ. ರಮಜಾನ್ ಹಿಡಿದರೆ ವರ್ಷ ಸುಮಾರು 11 ದಿನ ಗಿಡ್ಡ, ಅದನ್ನು ಲೆಕ್ಕದಲ್ಲಿಡಬೇಕು.

ರೊಕ್ಕದ ಪ್ರಶ್ನೆ ಹೆಚ್ಚು ಕಷ್ಟವಿಲ್ಲ, ‘ಪಗಾರ’, ‘ಸಂಘದ ರೊಕ್ಕ’ ಎಲ್ಲರಿಗೂ ಗೊತ್ತು. ಗೃಹಲಕ್ಷ್ಮಿಯ ಹೆಸರು ಎತ್ತುವುದು ಬೇಡ, 2000 ರೂಪಾಯಿ ನಿಲ್ಲಿಸಲು ಕೇಳುತ್ತಿದ್ದಾರೆ ಎಂಬ ಭಯ ಬರುತ್ತದೆ.

ಇನ್ನು ಅತಿ ಕಷ್ಟದ್ದು. “ನಿಮ್ಮ ಇಚ್ಛೆಗೆ ವಿರುದ್ಧವಾಗಿ ಲೈಂಗಿಕ ಸಂಪರ್ಕಕ್ಕೆ ಬಲವಂತಪಡಿಸಿದ್ದಾರೆಯೇ?” ‘ಲೈಂಗಿಕ’ ಫೋನಿನಲ್ಲಿ ಬರಿಯ ಸದ್ದು. ‘ಅತ್ಯಾಚಾರ’ ಎಂಬ ಪದವನ್ನು ಹೆಂಗಸರು ಗಂಡನಿಗೆ ಹಚ್ಚುವುದಿಲ್ಲ, ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಮೂ 18 ತುಂಬಿದ ಹೆಂಡತಿಯ ವಿಷಯದಲ್ಲಿ ಗಂಡನನ್ನು ಹೊರಗಿಟ್ಟಿದೆ. ಬಲವಂತಕ್ಕೆ ‘ಜುಲುಮಿಲೆ’ ಇದೆ. ಇಚ್ಛೆಗೆ ವಿರುದ್ಧ ಎನ್ನುವುದಕ್ಕೆ ನಮ್ಮ ‘ಒಲ್ಲೆ’ಗಿಂತ ಬಲವಾದ ಮಾತು ನಾನು ಕಾಣೆ: “ಒಲ್ಲೆ ಅಂದ್ರೂ ಬಿಡದ”. ಆದರೆ ಬಾಯಿಬಿಟ್ಟು ಒಲ್ಲೆ ಎನ್ನಲಾಗದೆ ಸುಮ್ಮನೆ ಸಹಿಸಿದವರು ಇದರಿಂದ ಹೊರಗುಳಿಯುತ್ತಾರೆ, ಅವರೇ ಹೆಚ್ಚಿರಬಹುದು. ಅದಕ್ಕೆ “ನಿಮಗ ಮನಸ್ಸಿಲ್ಲದಾಗ ಜುಲುಮಿಲೆ” ಎಂದು ಇಟ್ಟಿದ್ದೇನೆ. ಮುಂದಿನ ಕ್ರಿಯಾಪದಕ್ಕೆ ಜಾಗ ಖಾಲಿ ಇದೆ. ‘ಕೂಡು’ ಎಂದರೆ ನಮ್ಮಲ್ಲಿ ಕುಳಿತುಕೊಳ್ಳುವುದೂ ಹೌದು. ‘ಮಲಗು’ ನಿದ್ದೆಯೂ ಹೌದು. ‘ಮೈ ಮುಟ್ಟು’ ತೀರ ಅಗಲ. ‘ಸಂಸಾರ ಮಾಡು’ ಎಂದರೆ ಅಡಿಗೆಯಿಂದ ಹಿಡಿದು ಎಲ್ಲವೂ.

ಇದನ್ನು ಗಂಡಸರು ಊಹಿಸಿ ಬರೆಯುವುದಕ್ಕಿಂತ ಬಳಗದ ಹೆಣ್ಣುಮಕ್ಕಳು ತಮ್ಮ ಅವ್ವ, ಅಕ್ಕ, ನೆಗೆಣ್ಣಿಯರ ನಡುವೆ ಕೇಳಿದ ಮಾತನ್ನೇ ತಿಳಿಸಿದರೆ ಉಪಕಾರ. ಬಳಗಕ್ಕೆ ಬರೆಯಲು ಸಂಕೋಚವಾದರೆ ನನಗೊಬ್ಬಳಿಗೇ ಬರೆಯಿರಿ. ಯಾವ ತಾಲ್ಲೂಕಿನ ಮಾತು, ಯಾವ ವಯಸ್ಸಿನವರು ಆಡುವುದು ಎಂದು ಜೊತೆಗೆ ಸೇರಿಸಿ. ಮರಾಠಿ, ಲಂಬಾಣಿ, ಉರ್ದು ಮನೆಮಾತಿನವರಿಗೆ ಪ್ರಶ್ನೆಗಳನ್ನು ಬೇರೆಯಾಗಿಯೇ ಸಿದ್ಧಪಡಿಸಬೇಕು, ಆ ಮಾತು ಬಲ್ಲವರು ಇದ್ದರೆ ಅವರೂ ಬರೆಯಲಿ.